ಬೀರುವಿನ ಬಟ್ಟೆಯಿಂದ ಕೌದಿ: ಯಾವುದು ಬೇಕು, ಯಾವುದು ಬೇಡ

ಕೌದಿ ಹೊಲಿಯಬೇಕು ಅಂತ ಬೀರು ತೆಗೆದವರು ಮೊದಲು ಮಾಡುವ ಕೆಲಸ ಬಣ್ಣ ಹೊಂದಿಸುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಬಟ್ಟೆ ಗಟ್ಟಿ ಇದೆಯಾ, ಹತ್ತಿಯದ್ದಾ, ಎಷ್ಟು ದಪ್ಪ, ನೀರಿಗೆ ಬಿದ್ದರೆ ಬಣ್ಣ ಬಿಡುತ್ತದಾ, ಇಷ್ಟು ನೋಡಿಯಾದ ಮೇಲೆ ಬಣ್ಣದ ಮಾತು. ಬಣ್ಣ ಸ್ವಲ್ಪ ಹೊಂದದಿದ್ದರೂ ಕೌದಿ ಚೆಂದವೇ ಕಾಣುತ್ತದೆ. ಆದರೆ ಜೀರ್ಣವಾದ ಒಂದು ತುಂಡು ನಡುವೆ ಸೇರಿಕೊಂಡರೆ ನಾಲ್ಕು ಒಗೆತಕ್ಕೆ ಅಲ್ಲೇ ಪಿಸಿದು ಹೋಗುತ್ತದೆ, ಸುತ್ತಲಿನ ಹೊಲಿಗೆಯನ್ನೂ ಎಳೆದುಕೊಂಡು ಹೋಗುತ್ತದೆ.

ಎಷ್ಟು ಬಟ್ಟೆ ಬೇಕು ಅನ್ನುವ ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಧ ಬೀರು ಸುಮ್ನೆ ನೆಲಕ್ಕೆ ಬರುತ್ತದೆ. ಒಬ್ಬರು ಹೊದೆಯುವ ಕೌದಿಗೆ 5 ಅಡಿ ಅಗಲ, 7 ಅಡಿ ಉದ್ದ ಸಾಕು. ಹೊಲಿದ ಮೇಲೆ 6 ಇಂಚು ಕಾಣುವ ಚೌಕಗಳಾದರೆ ಒಟ್ಟು 140 ಚೌಕ. ಸುತ್ತ ಅರ್ಧ ಇಂಚು ಮಡಚಲು ಬೇಕಲ್ಲ, ಹಾಗಾಗಿ 7 ಇಂಚಿಗೆ ಕತ್ತರಿಸಬೇಕು. ದೊಡ್ಡವರ ಶರ್ಟಿನ ಬೆನ್ನಿನ ಭಾಗದಲ್ಲೇ 6 ಚೌಕ ಸಿಗುತ್ತವೆ, ಒಂದು ರವಿಕೆ ಬಟ್ಟೆಯಲ್ಲಿ 15ರಿಂದ 20. ಅಂದರೆ ಮೇಲ್ಪದರಕ್ಕೆ ಹನ್ನೆರಡು ಹದಿನೈದು ಬಗೆಯ ಬಟ್ಟೆ ಇದ್ದರೆ ಧಾರಾಳ. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಅದೇ ಅದೇ ಬಟ್ಟೆ ಪಕ್ಕಪಕ್ಕ ಬಂದು ಬೇಜಾರು ಹಿಡಿಸುತ್ತದೆ.

ಕೆಳಪದರಕ್ಕೆ ಒಂದು ಹತ್ತಿ ಸೀರೆ ಮೊದಲೇ ತೆಗೆದಿಡಿ, ಅದನ್ನು ತುಂಡು ಮಾಡಬೇಡಿ. ಐದೂವರೆ ಮೀಟರ್ ಸೀರೆ ಅಂದರೆ ಸುಮಾರು 18 ಅಡಿ. ಏಳೇಳು ಅಡಿಯ ಎರಡು ಭಾಗ ಮಾಡಿ ಅಂಚಿಗೆ ಅಂಚು ಸೇರಿಸಿದರೆ ಜೋಡಿ ಮಂಚದ ಕೌದಿಗೇ ಸಾಕಾಗುವಷ್ಟು ಅಗಲ ಬರುತ್ತದೆ, ಮೇಲೆ 4 ಅಡಿ ಉಳಿಯುತ್ತದೆ. ಮೈಗೆ ತಾಗುವುದು ಈ ಪದರವೇ. ಹಾಗಾಗಿ ನಿಮ್ಮಲ್ಲಿರುವುದರಲ್ಲಿ ತುಂಬಾ ಮೆತ್ತಗಿರುವ, ತುಂಬಾ ಸಲ ಒಗೆದ ಸೀರೆಯನ್ನೇ ಇದಕ್ಕೆ ಕೊಡಿ. ಕಲೆ ಇದ್ದರೂ ಪರವಾಗಿಲ್ಲ, ಸವೆದಿರಬಾರದು ಅಷ್ಟೇ.

ಈಗ ಗಟ್ಟಿತನ ನೋಡುವುದು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿಯಿರಿ. ಸವೆದ ಜಾಗದಲ್ಲಿ ಬೆಳಕು ಜಾಸ್ತಿ ತೂರುತ್ತದೆ, ಬರಿಗಣ್ಣಿಗೇ ಗೊತ್ತಾಗುತ್ತದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಹಾಸಿನ ಕಡೆಗೆ, ಅಂದರೆ ಉದ್ದದ ಎಳೆಯ ಕಡೆಗೆ ಒಂದು ಸಲ, ಹೊಕ್ಕಿನ ಕಡೆಗೆ, ಅಂದರೆ ಅಡ್ಡ ಎಳೆಯ ಕಡೆಗೆ ಒಂದು ಸಲ ಜಗ್ಗಿ. ಒಂದು ಕಡೆ ಗಟ್ಟಿ ಇದ್ದು ಇನ್ನೊಂದು ಕಡೆ ಸರ್ ಅಂತ ಹರಿಯುವ ಬಟ್ಟೆ ಎಷ್ಟೋ ಇರುತ್ತವೆ, ಹಳೆ ಪಂಚೆಗಳಲ್ಲಂತೂ ಇದು ಮಾಮೂಲು. ಮೆತ್ತಗೆ ಜಗ್ಗಿದರೆ ಉಪಯೋಗವಿಲ್ಲ. ಹರಿಯುವುದಿದ್ದರೆ ಈಗಲೇ ಹರಿಯಲಿ, ಕೌದಿ ಹೊಲಿದು ಮುಗಿದ ಮೇಲಲ್ಲ.

ಒಂದು ಬಟ್ಟೆ ಒಂದೇ ಸಮ ಸವೆಯುವುದಿಲ್ಲ, ಇದು ಗೊತ್ತಿದ್ದರೆ ಅರ್ಧ ಕೆಲಸ ಸುಲಭ. ಸೀರೆ ಸವೆಯುವುದು ಕೆಳಗಿನ ಅಂಚಿನಲ್ಲಿ, ಅದರಲ್ಲೂ ನೆರಿಗೆ ನೆಲಕ್ಕೆ ತಾಗುವ ಕಡೆ. ಒಳಗೆ ಸುತ್ತಿಕೊಳ್ಳುವ ಮೊದಲ ಸುತ್ತು ಎಷ್ಟೋ ವರ್ಷ ಹೊಸದರಂತೆ ಇರುತ್ತದೆ. ಫಾಲ್ಸ್ ಬಿಚ್ಚಿ ನೋಡಿ, ಅದರ ಅಡಿಯ ಬಟ್ಟೆಯ ಬಣ್ಣ ಮಾಸಿರುವುದಿಲ್ಲ, ಆದರೆ ಅಂಚಿನ ಮಡಿಕೆ ಸೀಳಿರಬಹುದು. ಲುಂಗಿ, ಪಂಚೆ ಸವೆಯುವುದು ಕೂರುವ ಜಾಗದಲ್ಲಿ. ಬೆಡ್‌ಶೀಟ್ ನಟ್ಟನಡುವೆ ತೆಳ್ಳಗಾಗಿರುತ್ತದೆ, ನಾಲ್ಕೂ ಬದಿ ಗಟ್ಟಿ. ಶರ್ಟಿನ ಕಾಲರ್, ಕಫ್ ಹೋಗಿರುತ್ತವೆ, ಬೆನ್ನು ಚೆನ್ನಾಗಿರುತ್ತದೆ. ನೈಟಿಯಲ್ಲಿ ಕಂಕುಳಿನ ಸುತ್ತ ಬೆವರಿಗೆ ಬಟ್ಟೆ ಹಾಳಾಗಿರುತ್ತದೆ, ಮೊಣಕಾಲಿನಿಂದ ಕೆಳಗೆ ಅಚ್ಚುಕಟ್ಟಾಗಿ ಉಳಿದಿರುತ್ತದೆ. ಹಾಗಾಗಿ ಇಡೀ ಬಟ್ಟೆ ಬೇಕು ಅಥವಾ ಬೇಡ ಅಂತ ತೀರ್ಮಾನ ಮಾಡಬೇಡಿ. ಸವೆದ ಭಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಷ್ಟನ್ನು ಮಾತ್ರ ಕತ್ತರಿಸಿ ಒರೆಸುವ ಬಟ್ಟೆಗೆ ಹಾಕಿ.

ಹತ್ತಿಯದ್ದಾ ಅಲ್ಲವಾ ಅನ್ನುವುದು ಮುಟ್ಟಿ ನೋಡಿದರೆ ಎಲ್ಲರಿಗೂ ಗೊತ್ತಾಗುವುದಿಲ್ಲ, ಈಗಿನ ಮಿಕ್ಸ್ ಬಟ್ಟೆಗಳು ಕೈಗೆ ಚೆನ್ನಾಗಿ ಮೋಸ ಮಾಡುತ್ತವೆ. ಒಂದು ಹನಿ ನೀರು ಹಾಕಿ ನೋಡಿ. ಒಗೆದ ಹತ್ತಿ ತಕ್ಷಣ ಹೀರುತ್ತದೆ, ಪಾಲಿಯೆಸ್ಟರ್ ಜಾಸ್ತಿ ಇದ್ದರೆ ಹನಿ ಸ್ವಲ್ಪ ಹೊತ್ತು ಮೇಲೆಯೇ ಕೂತಿರುತ್ತದೆ. ಅನುಮಾನ ಹೋಗದಿದ್ದರೆ ನಾಲ್ಕು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಪುಡಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಸ್ಕೂಲ್ ಯೂನಿಫಾರ್ಮ್ ಬಹಳಷ್ಟು ಮಿಕ್ಸ್ ಬಟ್ಟೆಯೇ ಆಗಿರುತ್ತದೆ. ಅದು ಹಾಳಾಗುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ, ಬೆವರೂ ಹೀರುವುದಿಲ್ಲ. ಮೇಲ್ಪದರದಲ್ಲಿ ನೆನಪಿಗೆ ಒಂದೆರಡು ತುಂಡು ಹಾಕಿ, ಅದಕ್ಕಿಂತ ಜಾಸ್ತಿ ಬೇಡ.

ಪೂರ್ತಿ ಬಿಡಬೇಕಾದದ್ದು ಕೆಲವು ಇವೆ. ಜಾರ್ಜೆಟ್, ಶಿಫಾನ್, ನೈಲಾನ್ ಸೀರೆ ಕೈಯಲ್ಲಿ ನಿಲ್ಲುವುದೇ ಇಲ್ಲ, ಜಾರುತ್ತವೆ. ಟೀ ಶರ್ಟು, ಬನಿಯನ್ನು ಹಿಗ್ಗುತ್ತವೆ, ಪಕ್ಕದ ಹತ್ತಿ ಹಿಗ್ಗುವುದಿಲ್ಲ, ಆಮೇಲೆ ಕೌದಿ ಅಲ್ಲಲ್ಲಿ ಉಬ್ಬುತ್ತದೆ. ಜೀನ್ಸ್ ಒಂದು ಪದರಕ್ಕೆ ಸೂಜಿ ಹೇಗೋ ಇಳಿಯುತ್ತದೆ, ಮಡಿಕೆ ಬಂದ ಕಡೆ ಬೆರಳು ನೋವು. ಜರಿ ಚುಚ್ಚುತ್ತದೆ, ಹೊದೆಯುವ ವಸ್ತುವಿಗೆ ಅದು ಬೇಡ. ಹಳೆ ರೇಷ್ಮೆ ಸೀರೆ ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ವರ್ಷಗಟ್ಟಲೆ ಮಡಚಿಟ್ಟ ಗೆರೆಯಲ್ಲೇ ಸೀಳು ಬಿಡುತ್ತದೆ. ಅದರಲ್ಲಿ ದಿಂಬಿನ ಕವರೋ ಚೀಲವೋ ಮಾಡಿಕೊಳ್ಳಿ.

ಇಳಕಲ್ ಸೀರೆ ಇದ್ದವರು ಸ್ವಲ್ಪ ಗಮನ ಕೊಡಿ. ಹಳೆಯ ನಮೂನೆಯ ಇಳಕಲ್‌ನಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆಯದ್ದೋ ಆರ್ಟ್ ಸಿಲ್ಕಿನದ್ದೋ (ಕೃತಕ ರೇಷ್ಮೆ) ಇರುತ್ತದೆ. ಎರಡನ್ನೂ ನೇಯುವಾಗಲೇ ಕುಣಿಕೆ ಹಾಕಿ ಜೋಡಿಸಿರುತ್ತಾರೆ, ತೋಪು ತೆನಿ ಅನ್ನುವುದು ಅದಕ್ಕೇ. ಒಡಲಿನ ಹತ್ತಿ ಕೌದಿಗೆ ಹೇಳಿ ಮಾಡಿಸಿದ್ದು. ಸೆರಗು ಬೇರೆ ಬಟ್ಟೆ ಅಂತಲೇ ಲೆಕ್ಕ ಹಾಕಿ ಕತ್ತರಿಸಿ, ಒಗೆದರೆ ಎರಡೂ ಒಂದೇ ರೀತಿ ಇರುವುದಿಲ್ಲ. ಗುಳೇದಗುಡ್ಡದ ರವಿಕೆ ಖಣದ ತುಂಡುಗಳೂ ಹಾಗೆಯೇ. ಆ ಮಿನುಗು, ಆ ಸಣ್ಣ ಬುಟ್ಟಾ ಎರಡೋ ಮೂರೋ ಜಾಗದಲ್ಲಿ ಇದ್ದರೆ ಕಣ್ಣಿಗೆ ಹಬ್ಬ, ಪೂರ್ತಿ ಖಣವೇ ಹಾಕಿದರೆ ಭಾರ ಭಾರ ಅನಿಸುತ್ತದೆ.

ಬಣ್ಣ ಬಿಡುವ ಬಟ್ಟೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕಡುಗೆಂಪು, ಮೆರೂನ್, ಕಡುನೀಲಿ, ಕಪ್ಪು, ಜೊತೆಗೆ ಬಾಟಿಕ್, ಬಾಂಧನಿ, ಕಲಂಕಾರಿ, ಇವುಗಳನ್ನು ನಂಬಬೇಡಿ. ಒಂದೊಂದರ ಮೂಲೆಯನ್ನು ಬಿಸಿನೀರಲ್ಲಿ ನೆನೆಸಿ, ಬಿಳಿ ಬಟ್ಟೆಯ ಮಧ್ಯೆ ಇಟ್ಟು ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಬೇರೆಯೇ ಬಕೆಟ್ಟಿನಲ್ಲಿ, ನೀರು ತಿಳಿಯಾಗುವವರೆಗೆ ಒಗೆಯಿರಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದನ್ನೇ ನಂಬಿ ಕೂರಬೇಡಿ, ಸಡಿಲವಾಗಿರುವ ಬಣ್ಣ ನೀರಿನ ಜೊತೆ ಹೋಗಿಬಿಡುವುದೇ ಒಳ್ಳೆಯದು. ಎಷ್ಟು ಒಗೆದರೂ ಬಿಡುತ್ತಲೇ ಇದ್ದರೆ ಅದು ಕೌದಿಗಲ್ಲ, ಎಷ್ಟೇ ಚೆಂದ ಇದ್ದರೂ. ಹೊಸ ಹತ್ತಿ ಬಟ್ಟೆಯನ್ನೂ ಕತ್ತರಿಸುವ ಮೊದಲು ಒಂದು ಸಲ ಒಗೆದು ಒಣಗಿಸಿ, ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ. ಗಂಜಿ ಹಾಕಿಟ್ಟ ಸೀರೆಯ ಗಂಜಿ ಪೂರ್ತಿ ಹೋಗಬೇಕು. ಗಂಜಿ ಇದ್ದರೆ ಸೂಜಿ ಇಳಿಯಲು ಕಷ್ಟ, ಜೊತೆಗೆ ಹುಳುಗಳಿಗೂ ಅದು ಇಷ್ಟ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದದ್ದನ್ನು ಇಸ್ತ್ರಿ ಮಾಡಿ ಹರಡಿ. ಈಗ ಬಣ್ಣದ ಸರದಿ, ಆದರೆ ಕೆಂಪು, ಹಸಿರು, ಹಳದಿ ಅಂತ ವಿಂಗಡಿಸಬೇಡಿ. ಗಾಢ, ನಡುತರ, ತಿಳಿ ಅಂತ ಮೂರು ಗುಡ್ಡೆ ಮಾಡಿ. ಕಣ್ಣು ಕಿರಿದು ಮಾಡಿ ನೋಡಿದರೆ ಬಣ್ಣ ಮಸುಕಾಗಿ ಕಪ್ಪು ಬಿಳುಪು ಮಾತ್ರ ಉಳಿಯುತ್ತದೆ. ಅದು ಬರದಿದ್ದರೆ ಫೋನಲ್ಲಿ ಫೋಟೋ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಮಾಡಿ. ಕೆಂಪು, ಹಸಿರು ಎರಡೂ ಒಂದೇ ಬೂದು ಬಣ್ಣದಲ್ಲಿ ಕಂಡರೆ ಅವೆರಡೂ ಒಂದೇ ಗುಡ್ಡೆಗೆ ಸೇರಬೇಕು. ಪಕ್ಕಪಕ್ಕ ಇಟ್ಟರೆ ಹತ್ತಿರದಿಂದ ಬೇರೆ ಬೇರೆ ಕಾಣುತ್ತವೆ, ಬಾಗಿಲ ಹತ್ತಿರ ನಿಂತು ನೋಡಿದರೆ ಕಲಸಿ ಹೋಗುತ್ತವೆ.

ಹೀಗೆ ಗುಡ್ಡೆ ಮಾಡಿದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದೇನು ಗೊತ್ತಾ, ನಡುತರ ಗುಡ್ಡೆ ಬೆಟ್ಟದಷ್ಟು, ತಿಳಿ ಬಣ್ಣದ್ದು ಇಲ್ಲವೇ ಇಲ್ಲ. ನೈಟಿ, ಕುರ್ತಾ, ಮನೆಯಲ್ಲಿ ಉಡುವ ಸೀರೆ, ಎಲ್ಲವೂ ಹೂವಿನ ಪ್ರಿಂಟು. ಅಂಥದ್ದಷ್ಟೇ ಸೇರಿಸಿದರೆ ಕೌದಿ ಗಿಜಿಗಿಜಿ. ತಿಳಿ ಬಣ್ಣ ಹುಡುಕಬೇಕಾದದ್ದು ಗಂಡಸರ ಬಟ್ಟೆಯಲ್ಲಿ. ಬಿಳಿ ಪಂಚೆ, ತಿಳಿ ಗೆರೆಯ ಆಫೀಸ್ ಶರ್ಟು, ಇಲ್ಲವೇ ಹಳೆ ದಿಂಬಿನ ಕವರು, ಲಂಗದ ಬಟ್ಟೆ. ಪ್ರಿಂಟಿನ ಬಟ್ಟೆಯನ್ನು ಮಗುಚಿ ಹಿಂಭಾಗವನ್ನೂ ನೋಡಿ. ಎಷ್ಟೋ ಸಲ ಹಿಂದಿನ ಮಂಕು ಬಣ್ಣವೇ ನಿಮಗೆ ಬೇಕಾದ ತಿಳಿ ಬಣ್ಣ ಆಗಿರುತ್ತದೆ, ಹಾಗೇ ಉಲ್ಟಾ ಹಾಕಿ ಹೊಲಿಯಿರಿ, ಯಾರು ಕೇಳುತ್ತಾರೆ.

ಪ್ಲೇನ್ ಬಣ್ಣಕ್ಕೆ ಎಲ್ಲರ ಮನೆಯಲ್ಲೂ ಒಂದು ಗಣಿ ಇದೆ, ಅರಿಶಿಣ ಕುಂಕುಮಕ್ಕೆ, ಬಾಗಿನಕ್ಕೆ, ಗೃಹಪ್ರವೇಶಕ್ಕೆ ಬಂದ ರವಿಕೆ ಬಟ್ಟೆಗಳು. ಅವು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡುತ್ತಲೇ ಇರುತ್ತವೆ, ಯಾರೂ ಹೊಲಿಸುವುದಿಲ್ಲ. ಅದರಲ್ಲಿ ಟೂ ಬೈ ಟೂ ರೂಬಿಯಾ ಹತ್ತಿಯದ್ದು ಸಿಕ್ಕರೆ ಕಣ್ಣು ಮುಚ್ಚಿ ಆರಿಸಿಕೊಳ್ಳಿ. ಜಾರುವ ಮಿಕ್ಸ್ ಬಟ್ಟೆಯೂ ಅದೇ ಕಟ್ಟಿನಲ್ಲಿ ಇರುತ್ತದೆ, ಹನಿ ನೀರಿನ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳಿ. ಮೂರು ಪ್ರಿಂಟಿಗೆ ಒಂದಾದರೂ ಪ್ಲೇನ್ ಇರಲಿ, ಕಣ್ಣಿಗೆ ಕೂರಲು ಜಾಗ ಬೇಕಲ್ವಾ. ಪ್ರಿಂಟಿನಲ್ಲೂ ದೊಡ್ಡ ಹೂವು, ಸಣ್ಣ ಚುಕ್ಕಿ, ಗೆರೆ, ಲುಂಗಿಯ ಚೌಕಳಿ ಎಲ್ಲ ಬೆರೆಯಲಿ. ದೊಡ್ಡ ಹೂವಿನ ಬಟ್ಟೆಯನ್ನು 7 ಇಂಚಿಗೆ ಕತ್ತರಿಸಿದಾಗ ಹೂವು ಹೋಗಿ ಬರೀ ಒಂದು ಎಸಳು ಉಳಿಯುತ್ತದೆ, ಅದು ನೋಡಲು ಇನ್ನೂ ಚೆನ್ನ.

ಎಲ್ಲವನ್ನೂ ಒಟ್ಟು ಹಿಡಿಯಲು ಒಂದು ಬಟ್ಟೆ ಬೇಕು. ನಾನು ಅದಕ್ಕೆ ಜಾಸ್ತಿ ಇರುವ, ಗಾಢವಾದ, ಪ್ಲೇನ್ ಬಟ್ಟೆ ಆರಿಸುತ್ತೇನೆ. ಅದನ್ನು ಕೌದಿಯ ನಾಲ್ಕೂ ಮೂಲೆ, ನಡು, ಬದಿ, ಎಲ್ಲ ಕಡೆ ಚದುರಿಸಿ ಇಡಬೇಕು. ಸುತ್ತಲ ಪಟ್ಟಿಗೂ ಅದೇ ಬಟ್ಟೆ ಸಾಕಾದರೆ ಇನ್ನೂ ಒಳ್ಳೆಯದು. ಎಲ್ಲವೂ ಒಂದೇ ಬಣ್ಣದ ಕುಟುಂಬಕ್ಕೆ ಸೇರಬೇಕು ಅನ್ನುವ ಸಲಹೆ ತುಂಬಾ ಕಡೆ ಕೇಳುತ್ತೀರಿ, ನನಗೆ ಅದು ಒಪ್ಪಿಗೆಯಿಲ್ಲ. ಹೊಂದದ ಒಂದು ಬಣ್ಣ, ಉದಾಹರಣೆಗೆ ಕಟುವಾದ ಕಿತ್ತಳೆ, ಮೂರು ನಾಲ್ಕು ಕಡೆ ಬಂದರೆ ಕೌದಿಗೆ ಜೀವ ಬರುತ್ತದೆ. ಒಂದೇ ಕಡೆ ಬಂದರೆ ಮಾತ್ರ ತಪ್ಪಿ ಬಿದ್ದ ಹಾಗೆ ಕಾಣುತ್ತದೆ.

ಮೊದಲೇ ಇಷ್ಟೆಲ್ಲ ಹರಡಿಕೊಂಡು ಆರಿಸುವುದು ನಿಮ್ಮ ಸ್ವಭಾವಕ್ಕೆ ಆಗದು ಅನ್ನುವುದಾದರೆ ಇನ್ನೊಂದು ದಾರಿ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕವಂದಿ, ಅಂದರೆ ಅವರ ಕೌದಿ, ಹೊಲಿಯುವ ಕ್ರಮ ಅದು. ಕೆಳಗೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ಹೊಲಿಯುತ್ತಾ ಒಳಗೆ ಒಳಗೆ ಬಂದು ನಡುವಲ್ಲಿ ಮುಗಿಸುತ್ತಾರೆ. ಮುಂದಿನ ತುಂಡು ಯಾವುದು ಅನ್ನುವುದು ಈಗಷ್ಟೇ ಹೊಲಿದ ತುಂಡನ್ನು ನೋಡಿ ತೀರ್ಮಾನವಾಗುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಕ್ಕೆ ಮಡಚಿ ಹಾಕುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ, ಅದಿಲ್ಲದೆ ಕವಂದಿ ಮುಗಿಯುವುದಿಲ್ಲ. ಈ ಕ್ರಮದಲ್ಲಿ ಚೌಕವೇ ಬೇಕೆಂದಿಲ್ಲ, ಉದ್ದ ಪಟ್ಟಿ, ಮೊಂಡು ತುಂಡು ಎಲ್ಲವೂ ನಡೆಯುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ, ಮೂರು ಗುಡ್ಡೆಗಳನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ಗಾಢವಾದದ್ದರ ಪಕ್ಕ ತಿಳಿ ಬಣ್ಣದ್ದು ಬರುವಂತೆ ನೋಡಿಕೊಳ್ಳುವುದು, ಮತ್ತು ನಿಮಗೆ ತುಂಬಾ ಇಷ್ಟವಾದ ನಾಲ್ಕಾರು ತುಂಡುಗಳನ್ನು ನಡುವಿಗೆ ಅಂತ ಮುಚ್ಚಿಡುವುದು. ಇಲ್ಲದಿದ್ದರೆ ಚೆಂದದ್ದೆಲ್ಲ ಅಂಚಿನಲ್ಲೇ ಖರ್ಚಾಗುತ್ತದೆ.

ನಡುಪದರಕ್ಕೆ ನೋಡಲು ಚೆನ್ನಾಗಿರುವುದು ಯಾವುದೂ ಬೇಡ. ಕಲೆಯಾದ ಸೀರೆ, ಬಣ್ಣ ಹೋದ ಬೆಡ್‌ಶೀಟಿನ ಬದಿಗಳು ಸಾಕು. ಬೆಂಗಳೂರು, ಮೈಸೂರಿನ ಚಳಿಗೆ ಒಂದು ಪದರ, ಮಲೆನಾಡಿಗೆ ಎರಡು. ಟವೆಲ್, ಹಳೆ ಕಂಬಳಿ ತುರುಕಬೇಡಿ, ನೆನೆದರೆ ಎತ್ತಲು ಇಬ್ಬರು ಬೇಕಾಗುತ್ತಾರೆ.

ಕತ್ತರಿ ಹಾಕುವ ಮೊದಲು ಬಟ್ಟೆ ಯಾರದ್ದು ಅಂತ ಕೇಳಿ. ಉಡದೆ ಹತ್ತು ವರ್ಷ ಆಗಿರಬಹುದು, ಆದರೂ ಅತ್ತೆಯ ಸೀರೆ ಅತ್ತೆಯದ್ದೇ. ನಿಮ್ಮದೇ ಬಟ್ಟೆಯಾದರೂ ಕತ್ತರಿಸಲು ಕೈ ಬರುತ್ತಿಲ್ಲ ಅಂದರೆ ವಾಪಸ್ ಬೀರಿಗೆ ಇಡಿ, ಅದರ ಜಾಗಕ್ಕೆ ಟೈಲರ್ ಅಂಗಡಿಯಲ್ಲಿ ಕೇಳಿದರೆ ಒಂದು ಚೀಲ ತುಂಡು ಬಟ್ಟೆ ಕೊಡುತ್ತಾರೆ.

ಉಳಿದ ತುಂಡುಗಳನ್ನು ಎಸೆಯಬೇಡಿ. ಮೇಲ್ಪದರದ ಒಂದೊಂದು ಬಟ್ಟೆಯಿಂದಲೂ ಅಂಗೈಯಗಲದ ಎರಡು ತುಂಡು ಕಟ್ಟಿ ಇಡಿ, ಪಟ್ಟಿಯ ಬಟ್ಟೆಯನ್ನು ಇನ್ನೂ ಸ್ವಲ್ಪ ಜಾಸ್ತಿ ಇಡಿ. ಹೊದ್ದಾಗ ಗಲ್ಲದ ಕೆಳಗೆ ಬರುವ ಬದಿ ಎಲ್ಲದಕ್ಕಿಂತ ಮೊದಲು ಸವೆಯುತ್ತದೆ, ತೇಪೆಗೆ ಅದೇ ಬಟ್ಟೆ ಬೇಕಾಗುತ್ತದೆ. ಕೌದಿ ಒಗೆಯುವಾಗಲೆಲ್ಲ ಈ ತುಂಡುಗಳನ್ನೂ ಜೊತೆಗೆ ಒಗೆದಿಟ್ಟರೆ ತೇಪೆ ಹಾಕುವ ಹೊತ್ತಿಗೆ ಅವೂ ಅಷ್ಟೇ ಮಾಸಿರುತ್ತವೆ, ಹೊಸ ತೇಪೆ ಎದ್ದು ಕಾಣುವುದಿಲ್ಲ.