ಹಂಚಿನ ಮೇಲೆ ಕಲ್ಕುಡ: ನನ್ನ ಅನುಭವ

ಕಾವಿ ಬಳಿದು, ಕೆರೆದು, ಅದನ್ನೇ ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡ್ತೇನೆ ಅಂದಾಗ ನಕ್ಕವರಲ್ಲಿ ಮೂರ್ನಾಲ್ಕು ಜನ ಈಗ ನನಗೇ ಫೋನು ಮಾಡಿ "ಸುಣ್ಣಕ್ಕೆ ಬೆಲ್ಲ ಎಷ್ಟು ಹಾಕ್ತೀರಿ ಮೇಡಂ" ಅಂತ ಕೇಳ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು. ಒಮ್ಮೆ ಬರೆದೇ ಬಿಡುವ ಅಂತ ಕೂತಿದ್ದೇನೆ. ಪೂರ್ತಿ ಅಲ್ಲ, ಒಂದು ಮುಕ್ಕಾಲು ಪಾಲು.

ಉತ್ತರ ಕನ್ನಡ, ಗೋವಾ ಕಡೆಯ ಹಳೇ ದೇವಸ್ಥಾನಗಳ ಗೋಡೆ ನೋಡಿದವರಿಗೆ ಕಾವಿ ಕಲೆ ಎಂತದ್ದು ಅಂತ ಗೊತ್ತುಂಟು. ಕೆಳಗೆ ಸುಣ್ಣದ ಗಾರೆ, ಮೇಲೆ ಕೆಂಪು, ಹಸಿ ಇರುವಾಗಲೇ ಕೆರೆದರೆ ಬಿಳಿ ಎದ್ದು ಬರುತ್ತದೆ. ಗೋಡೆಗೆ ಅದು ಸರಿ. ಆ ಗೋಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂರುವಷ್ಟು ಚಿಕ್ಕದು ಮಾಡುವುದು ಹೇಗೆ? ನನ್ನ ಮೂರು ಮಳೆಗಾಲ ಹೋದದ್ದು ಅದಕ್ಕೇ.

ಮೊದಲು ಹನ್ನೊಂದು ವರ್ಷ ಜಲವರ್ಣದಲ್ಲೇ ಬರೆದವಳು ನಾನು. ಅಜ್ಜಿಕತೆ, ನರಿ-ಹುಲಿ ಕತೆ, ತುಳುನಾಡಿನ ಕೋಟಿ ಚೆನ್ನಯ, ಸಿರಿ ಇವರ ಕತೆ ಎಲ್ಲ ಆಗಿದೆ. ಪುಟಕ್ಕೆ 1,200 ರೂಪಾಯಿ ಸಿಕ್ಕಿದರೆ ಹಬ್ಬ. ಕಲ್ಕುಡ ಅಂದರೆ ನಮ್ಮ ತುಳು ಕತೆಗಳ ಕಲ್ಲುಕುಟಿಗ, ಆಮೇಲೆ ದೈವವಾದವನು. ಅವನ ಕತೆಗೆ ಬರೆದ ಹನ್ನೆರಡು ಚಿತ್ರಗಳನ್ನು ಒಬ್ಬ ಪ್ರಕಾಶಕರು ವಾಪಸು ಕಳಿಸಿದರು. ಬಣ್ಣ ಮಂಕಂತೆ, ನಾಯಕನ ಮುಖದಲ್ಲಿ ನಗು ಇಲ್ಲವಂತೆ. ಕಾರ್ಕಳದಲ್ಲಿ 42 ಅಡಿಯ ಗೊಮ್ಮಟನನ್ನು ಕಡೆದು ನಿಲ್ಲಿಸಿ, ಅದರ ಕೂಲಿಯಾಗಿ ಎಡಗೈ ಬಲಗಾಲು ಕಡಿಸಿಕೊಂಡವನು ಎಲ್ಲಿಂದ ನಗಬೇಕು ಮಾರಾಯ್ರೇ? ಸಿಟ್ಟಲ್ಲಿ ಒಂದು ವಾರ ಕುಂಚ ಮುಟ್ಟಲಿಲ್ಲ. ಆದರೆ ಬಣ್ಣ ಮಂಕು ಅಂದದ್ದರಲ್ಲಿ ಸತ್ಯ ಇತ್ತು. ಕಲ್ಲು ಕಡೆಯುವವನ ಕತೆಯನ್ನು ನೀರಿನಲ್ಲಿ ಅದ್ದಿದ ಹತ್ತಿಯ ಹಾಗೆ ಬರೆದಿದ್ದೆ. ಅವನ ಕೆಲಸ ಕೆತ್ತುವುದು. ಚಿತ್ರವೂ ಕೆತ್ತಿದ್ದೇ ಆಗಬೇಕು ಅಂತ ತಲೆಗೆ ಹೊಕ್ಕಿತು.

"ಅದಕ್ಕೆಂತ, ಟ್ಯಾಬ್‌ನಲ್ಲಿ ಕೆರೆಯುವ ಬ್ರಷ್ ಉಂಟಲ್ಲ" ಅಂದ ನನ್ನ ಅಕ್ಕನ ಮಗ. ಎರಡು ತಿಂಗಳು ಅದನ್ನೂ ಮಾಡಿದೆ. ಚಂದ ಬಂತು. ಎಲ್ಲ ಗೀರೂ ಒಂದೇ ತರ ಚಂದ. ತಪ್ಪಾದರೆ ಅಳಿಸಬಹುದು ಅಂತ ಗೊತ್ತಿರುವ ಕೈಗೆ ಹೆದರಿಕೆ ಇರುವುದಿಲ್ಲ, ಆ ಹೆದರಿಕೆ ಇಲ್ಲದ ಗೆರೆ ನನಗೆ ಬೇಡವಾಯಿತು.

ಹಲಗೆಯ ಕತೆ ಕೇಳಿ. ಮೊದಲು ಎಂಡಿಎಫ್, ಮರದ ಪುಡಿ ಒತ್ತಿ ಮಾಡಿದ ಹಲಗೆ. ಸುಣ್ಣದ ನೀರು ಕುಡಿದು ಹಪ್ಪಳದ ಹಾಗೆ ಊದಿತು. ಪ್ಲೈವುಡ್ ಸೊಟ್ಟ ಆಯಿತು, ಗಾರೆ ಚಕ್ಕೆ ಚಕ್ಕೆಯಾಗಿ ಉದುರಿತು. ಸಿಮೆಂಟ್ ಶೀಟಿನಲ್ಲಿ ನಿಂತಿತು, ಆದರೆ ನೀರು ಹೀರುವುದು ಸಾಲದೆ ಕೆಂಪು ಪದರ ಮೊಸರಿನ ಕೆನೆಯ ಹಾಗೆ ಜಾರುತ್ತಿತ್ತು. ಇಷ್ಟರಲ್ಲಿ ಸುಮಾರು 14 ಸಾವಿರ ಹೋಯಿತು. ಮನೆಯವರು ಲೆಕ್ಕ ಕೇಳಲಿಲ್ಲ, ಹಲಗೆಗಳನ್ನು ಮಾತ್ರ ಬಚ್ಚಲು ಒಲೆಯ ಹತ್ತಿರ ಒಟ್ಟಿ ಇಟ್ಟರು. ಅರ್ಥ ಆಯಿತು.

ದಾರಿ ಸಿಕ್ಕಿದ್ದು ನಮ್ಮ ಚಿಕ್ಕಪ್ಪನ ಹಳೇ ಮನೆ ಕೆಡವಿದಾಗ. ಮಾಡಿನ ಹಂಚೆಲ್ಲ ಮಾರಾಟಕ್ಕೆ ಹೋಯಿತು, ಕೆಳಗಿನ ಸೀಲಿಂಗ್ ಹಂಚಿನ ರಾಶಿ ಅಂಗಳದಲ್ಲಿ ಬಿದ್ದಿತ್ತು. ಚಪ್ಪಟೆ, ತೆಳು, ಸುಟ್ಟ ಮಣ್ಣು. ಒಂದನ್ನು ಎತ್ತಿ ನಾಲಿಗೆಗೆ ಮುಟ್ಟಿಸಿದೆ, ಅಂಟಿಕೊಂಡಿತು. ಕುಂಬಾರರ ಮಣ್ಣು ಗೊತ್ತಿದ್ದವರಿಗೆ ಅಷ್ಟೇ ಸಾಕು, ಇದು ನೀರು ಎಳೆಯುತ್ತದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮನೆಗಳೆಲ್ಲ ಮಂಗಳೂರು ಹಂಚು ಹೊದ್ದುಕೊಂಡವು, ಈಗ ಒಂದೊಂದಾಗಿ ಕೆಡವುತ್ತಿದ್ದಾರೆ. ಹಾಗಾಗಿ ನನ್ನ ಹಲಗೆಗೆ ಸದ್ಯಕ್ಕೆ ಬರಗಾಲ ಇಲ್ಲ. ಗುಜರಿಯಲ್ಲಿ ಒಂದಕ್ಕೆ 12-15 ರೂಪಾಯಿ. ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಬೇಕು. ಇದನ್ನು ಬಿಟ್ಟು ನೇರ ಗಾರೆ ಹಾಕಿದವರು "ಬಿರುಕು ಬಿಟ್ಟಿತು" ಅಂತ ನನ್ನನ್ನು ಬೈಯಬೇಡಿ.

ಸುಣ್ಣ ಚಿಪ್ಪಿಯದ್ದೇ ಆಗಬೇಕು. ಪ್ಯಾಕೆಟಿನ ಸುಣ್ಣ ಎರಡು ಸಲ ಕೈಕೊಟ್ಟಿತು. ನಾನು ಚಿಪ್ಪಿ ಸುಣ್ಣವನ್ನು ಅರಳಿಸಿ ಮಣ್ಣಿನ ಮಡಕೆಯಲ್ಲಿ ಕಡಿಮೆ ಅಂದರೂ ಮೂರು ತಿಂಗಳು ನೀರಿನ ಅಡಿಯಲ್ಲಿ ಇಡುತ್ತೇನೆ. ಬಟ್ಟೆಯಲ್ಲಿ ಜರಡಿ ಹಿಡಿದ ಹೊಳೆ ಮರಳು ಅದಕ್ಕೆ ಹೆಚ್ಚುಕಡಿಮೆ ಒಂದೂವರೆ ಪಾಲು. ಬೆಲ್ಲದ ನೀರು ಕೊಳೆಸಿ ಹಾಕಿ, ಹದಿನೈದು ದಿನ ಬಿಟ್ಟು, ಒರಳಿನಲ್ಲಿ ಕುಟ್ಟುವುದು. ಬೆಲ್ಲ ಎಷ್ಟು ಅಂತ ಕೇಳುವವರಿಗೆ: ನೀವು ಅಂದುಕೊಂಡದ್ದರ ಅರ್ಧ. ನಾನು ಮೊದಲ ವರ್ಷ ಧಾರಾಳವಾಗಿ ಹಾಕಿ, ಆಟಿ ತಿಂಗಳ ಜೋರು ಮಳೆಯಲ್ಲಿ ಹಂಚುಗಳೆಲ್ಲ ಬೆವರಿ, ಕಂದು ಕಲೆ ಎದ್ದು, ಒಂಬತ್ತು ಚಿತ್ರ ಹೊಳೆಗೆ ಹೋಯಿತು. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿಯಲ್ಲಿ ಯಾವ ವಸ್ತುವೂ ಪುಸ್ತಕದಲ್ಲಿ ಬರೆದ ಹಾಗೆ ಒಣಗುವುದಿಲ್ಲ.

ಕೆಂಪಿಗೆ ಮೊದಲು ಮುರಕಲ್ಲು (ಜಂಬಿಟ್ಟಿಗೆ) ಕುಟ್ಟಿ, ನೀರಲ್ಲಿ ಕಲಸಿ, ತಿಳಿ ಬಸಿದು ಮಡ್ಡಿ ಒಣಗಿಸಿದೆ. ಎರಡು ವಾರದ ಕೆಲಸ, ಸಿಕ್ಕಿದ್ದು ಒಂದು ಲೋಟ, ಬಣ್ಣ ರಾಗಿ ಅಂಬಲಿಯದ್ದು. (ಕಲ್ಯಾಣಪುರದ ಆಚೆ ಕೆಮ್ಮಣ್ಣು ಅಂತಲೇ ಊರುಂಟು. ಹೆಸರು ನಂಬಿ ಅಲ್ಲಿಂದಲೂ ಒಂದು ಚೀಲ ತಂದಿದ್ದೆ, ಹೇಳಿ ನಗಿಸಬೇಡಿ.) ಕೊನೆಗೆ ನೆಲಕ್ಕೆ ಹಾಕುವ ಕಾವಿ ಪುಡಿಯನ್ನೇ ಹಾರ್ಡ್‌ವೇರ್ ಅಂಗಡಿಯಿಂದ ತಂದು, ಅದಕ್ಕೆ ಈ ಮುರಕಲ್ಲಿನ ಮಡ್ಡಿಯನ್ನು ಸ್ವಲ್ಪ ಬೆರೆಸಿದೆ. ಈಗ ಅದೇ ನಡೆಯುತ್ತಿದೆ. ಅಳತೆ ನನ್ನಲ್ಲೇ ಇರಲಿ. ಹಾಗೆಯೇ ಕೊನೆಯ ತಿಕ್ಕಿಗೆ ಸುಣ್ಣದ ತಿಳಿಯಲ್ಲಿ ಅಡುಗೆಮನೆಯ ಒಂದು ವಸ್ತು ಬೀಳುತ್ತದೆ, ಅದನ್ನೂ ಕೇಳಬೇಡಿ. ಮೊಟ್ಟೆ ಅಲ್ಲ.

ಕೆರೆಯುವುದಕ್ಕೆ ಕೊಡೆಯ ಕಡ್ಡಿ. ಹಳೇ ಕೊಡೆಯ ಕಡ್ಡಿಯನ್ನು ಮೂರು ತರ ಅರದಿಂದ ಉಜ್ಜಿ ಬಿದಿರಿಗೆ ಸಿಕ್ಕಿಸಿದ್ದೇನೆ. 800 ರೂಪಾಯಿಯ ಉಳಿಗಳ ಸೆಟ್ಟು ಡಬ್ಬಿಯಲ್ಲೇ ಉಂಟು. ಸಮಯ ಮಾತ್ರ ಕೈಯಲ್ಲಿಲ್ಲ. ಏಪ್ರಿಲ್‌ನಲ್ಲಿ ಕೆಂಪು ಹಾಕಿದ ಒಂದೂವರೆ ಗಂಟೆಗೆ ಗಟ್ಟಿಯಾಗುತ್ತದೆ, ಜುಲೈಯಲ್ಲಿ ಐದಾರು ಗಂಟೆ ಸಿಗುತ್ತದೆ. ಹಾಗಾಗಿ ಎಲ್ಲರೂ ಶಾಪ ಹಾಕುವ ಮಳೆಗಾಲವೇ ನನಗೆ ಸುಗ್ಗಿ. ಚಿತ್ರವನ್ನು ಮೊದಲೇ ಕಾಗದದಲ್ಲಿ ಸೂಜಿಯಿಂದ ಚುಚ್ಚಿ ಮಸಿಪುಡಿ ತಟ್ಟಿ ಇಳಿಸಬಹುದು, ಆದರೆ ಮುಖಗಳನ್ನು ಹಾಗೆ ಇಳಿಸಿದರೆ ಸತ್ತ ಹಾಗೆ ಕಾಣುತ್ತವೆ. ಮುಖ ನೇರ ಕೈಯಿಂದಲೇ. ನಾಲ್ಕಕ್ಕೆ ಒಂದು ಹಾಳಾಗುತ್ತದೆ, ಆಗಲಿ.

ಈಗ ಕಲ್ಕುಡ. ಕೈ ಕಡಿಯುವ ಪುಟವನ್ನು ಜಲವರ್ಣದಲ್ಲಿ ಆರು ಸಲ ಬರೆದು ಹರಿದಿದ್ದೆ. ರಕ್ತ ತೋರಿಸಿದರೆ ಮಕ್ಕಳು ಹೆದರುತ್ತಾರೆ, ತೋರಿಸದಿದ್ದರೆ ಕತೆಯೇ ಇಲ್ಲ. ಹಂಚಿನಲ್ಲಿ ಅದು ತನ್ನಷ್ಟಕ್ಕೆ ಆಯಿತು. ಇಡೀ ಮೈ, ಮುಂಡಾಸು, ಹಿಂದಿನ ಬಂಡೆ ಎಲ್ಲ ಕೆರೆದು ಬಿಳಿ ಮಾಡಿದೆ. ಎಡಗೈಯನ್ನೂ ಬಲಗಾಲನ್ನೂ ಕೆರೆಯಲೇ ಇಲ್ಲ, ಕೆಂಪು ಹಾಗೇ ಉಳಿಯಿತು. ಅಷ್ಟೇ. ನಮ್ಮ ಬೈಲಿನಲ್ಲಿ ಏಣೆಲು (ಮಳೆಗಾಲದ ಬೆಳೆ) ನಾಟಿಗೆ ಪಾಡ್ದನ, ಅಂದರೆ ತುಳು ಕತೆಹಾಡು, ಹೇಳುತ್ತಿದ್ದ ಒಬ್ಬರು ದೊಡ್ಡಮ್ಮ ಇದ್ದಾರೆ, ಎಂಬತ್ತರ ಆಸುಪಾಸು. ಈಗ ನಾಟಿಗೆ ಯಂತ್ರ ಬಂದು ಹಾಡು ಕೇಳುವವರಿಲ್ಲ. ಅವರಿಗೆ ಹಂಚು ತೋರಿಸಿದೆ. ಕಣ್ಣು ಮಂಜು, ಹಾಗಾಗಿ ಬೆರಳಿನಿಂದ ಸವರಿದರು. ಬಿಳಿ ಇದ್ದಲ್ಲಿ ಬೆರಳು ತಗ್ಗಿಗೆ ಇಳಿಯಿತು, ಎಡಗೈಯ ಜಾಗದಲ್ಲಿ ನುಣ್ಣಗೆ ಜಾರಿತು. "ಇಲ್ಲಿ ಕೈ ಇಲ್ಲ" ಅಂದರು. ಎಂತದೂ ಕೇಳದೆಯೇ ವೇಣೂರಿನ ಭಾಗ ಹಾಡಲಿಕ್ಕೆ ಶುರು ಮಾಡಿದರು, ಉಳಿದ ಒಂದು ಕೈ ಒಂದು ಕಾಲಿನಲ್ಲಿ ಅಲ್ಲಿ ಹೋಗಿ ಮತ್ತೆ ಕಲ್ಲು ಕಡೆದದ್ದು. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ, ಒಬ್ಬನೇ ಎರಡನ್ನೂ ಹೇಗೆ ಕಡೆದ ಅಂತ ಅವರಲ್ಲಿ ಕೇಳಲಿಕ್ಕೆ ನನಗೆ ಹುಚ್ಚಿಲ್ಲ.

ಕಲ್ಕುಡ, ತಂಗಿ ಕಲ್ಲುರ್ಟಿ ಮಾಯಕ್ಕೆ ಸಂದ (ಮಾಯವಾಗಿ ದೈವವಾದ) ಮೇಲೆ ಅವರ ಮುಖ ಬರೆಯುವುದಿಲ್ಲ ಅಂತ ಮೊದಲೇ ಹಿರಿಯರಲ್ಲಿ ಕೇಳಿ ತೀರ್ಮಾನ ಮಾಡಿದ್ದೆ. ನಂಬುವವರ ದೈವ ಅದು, ನನ್ನ ಪುಸ್ತಕದ ಪಾತ್ರ ಅಲ್ಲ. ಹಾಗಾಗಿ ಕೊನೆಯ ಐದು ಪುಟದಲ್ಲಿ ಬೆಂಕಿ, ಹೊಗೆ, ಓಡುವ ಜನ ಮಾತ್ರ.

ನಡುವೆ ಮಾಡಿದ ಮಂಗಾಟಗಳೂ ಉಂಟು. ಒಂದು ಹುಲಿಗೆ ಹಳದಿ ಬೇಕು ಅಂತ ಹಸಿ ಸುಣ್ಣದ ಮೇಲೆ ಅರಶಿನ ಬಳಿದೆ. ಕಣ್ಣೆದುರೇ ಹುಲಿ ಕೆಂಪಾಯಿತು. ಅತ್ತೆ ಬಾಗಿಲಲ್ಲಿ ನಿಂತು, "ಅರಶಿನಕ್ಕೆ ಸುಣ್ಣ ಹಾಕಿದರೆ ಕುರ್ದಿ ಅಲ್ಲದೆ ಪಾಯಸ ಆಗ್ತದಾ? ಇನ್ನು ಹುಲಿಗೆ ಆರತಿ ಎತ್ತು" ಅಂದರು. ಕುರ್ದಿ ಅಂದರೆ ಆರತಿಯ ಕೆಂಪು ನೀರು. ಇಂಗಳೀಕ (ಪಾದರಸದ ಕೆಂಪು ಬಣ್ಣ) ಹಾಕಿದ ಒಂದು ಹಂಚು ಆರು ತಿಂಗಳಲ್ಲಿ ಕಪ್ಪಾಯಿತು. ಅರದಾಳ ಅನ್ನುವ ಹಳದಿ ಮುಟ್ಟಲಿಲ್ಲ, ಅದು ಪಾಷಾಣ. ಅಡಿಕೆ ಹಾಳೆಯ ಮೇಲೆ ಮಾಡಿದ್ದು ಎರಡು ದಿನ ಬಹಳ ಚಂದ ಇತ್ತು, ಮೂರನೇ ದಿನ ಸುರುಳಿ ಸುತ್ತಿ ಮೊರದಷ್ಟು ಬಗ್ಗಿತು. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದರೆ ಬೂಷ್ಟು ಹಿಡಿಯುವುದಿಲ್ಲ ಅಂತ ಯಾರೋ ಹೇಳಿದ್ದು ಕೇಳಿ ಹಚ್ಚಿದೆ. ಬೂಷ್ಟು ಹಿಡಿಯಲಿಲ್ಲ, ನನ್ನ ಬೆರಳುಗಳಲ್ಲಿ ಹದಿನೈದು ದಿನ ಬೊಬ್ಬೆ.

ಅಚ್ಚಿನ ವಿಷಯಕ್ಕೆ ಬಂದರೆ ನಿಜವಾದ ನಷ್ಟ ಆದದ್ದು ಅಲ್ಲಿ. ಹಂಚನ್ನು ಸ್ಕ್ಯಾನರಿನ ಮೇಲೆ ಮಗುಚಿ ಇಟ್ಟು ಗಾಜು ಗೀರಿಹೋಯಿತು, 7-8 ಸಾವಿರದ ಯಂತ್ರ. ಆಮೇಲೆ ಫೋಟೋ. ಎದುರಿನಿಂದ ಬೆಳಕು ಬಿಟ್ಟರೆ ಕಾಗದದ ಮೇಲೆ ಬಳಿದ ಬಣ್ಣದ ಹಾಗೆ ಕಾಣುತ್ತದೆ. ಎಡಗಡೆಯಿಂದ ತೀರ ಓರೆಗೆ ಒಂದೇ ಬೆಳಕು ಕೊಟ್ಟಾಗ ಗೀರಿನ ಅಂಚಿನಲ್ಲಿ ನೆರಳು ಬಿತ್ತು, ಕಲ್ಲು ಕಲ್ಲಾಯಿತು. ಮೊದಲ ಪ್ರೆಸ್ಸಿನಲ್ಲಿ ನಾಲ್ಕು ಬಣ್ಣದಲ್ಲಿ ಪ್ರೂಫ್ ತೆಗೆದರೆ ಕಾವಿ ಹೋಗಿ ಬಟಾಟೆ ಬೋಂಡದ ಬಣ್ಣ ಬಂತು. ಮೂರು ಸಲ ತಿದ್ದಿಸಿದೆ, ಮೂರು ಸಲವೂ ಬಿಲ್ಲು. ಅಲ್ಲಿಯವರು "ಇದೆಲ್ಲ ಕಲ್ಲಿನ ಕಾಲದ ಕೆಲಸ ಮೇಡಂ" ಅಂದರು. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಇದೇ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲೇ ಹುಟ್ಟಿದ್ದು ಸ್ವಾಮಿ, ಅಂದೆ. ಬಿಲ್ಲಿನಲ್ಲಿ ಒಂದು ರೂಪಾಯಿ ಕಡಿಮೆ ಆಗಲಿಲ್ಲ.

ಎರಡನೇ ಪ್ರೆಸ್ಸಿನ ಹಿರಿಯ ಮೆಶಿನ್‌ಮ್ಯಾನ್ ಹಂಚನ್ನೇ ಕೈಗೆ ತಗೊಂಡು ನೋಡಿ, ನಾಲ್ಕು ಬಣ್ಣ ಯಾಕೆ, ಎರಡು ಸಾಕಲ್ಲ ಅಂದರು. ಕಪ್ಪು ಒಂದು, ಹಂಚಿಗೆ ಹೋಲಿಸಿ ಕಲಸಿದ ಕಾವಿ ಶಾಯಿ ಒಂದು. ಹೊಳಪಿಲ್ಲದ ಸ್ವಲ್ಪ ಹಳದಿಗಟ್ಟಿದ ಕಾಗದ. ಆ ದಿನ ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ನಾಲ್ಕು ಬಣ್ಣಕ್ಕೆ 1000 ಪ್ರತಿಗೆ ಒಂದು ಲಕ್ಷದ ಮೇಲೆ ಹೇಳಿದ್ದು, ಇದರಲ್ಲಿ 82 ಸಾವಿರದ ಹತ್ತಿರ ಮುಗಿಯಿತು.

ಬೆಲೆ 280 ಇಟ್ಟೆ. ಅಂಗಡಿಯವರ ಕಮಿಶನ್ ಶೇಕಡಾ 35ರಿಂದ 40. ಒಂದೂವರೆ ವರ್ಷದಲ್ಲಿ 640 ಚಿಲ್ಲರೆ ಹೋಗಿದೆ, ಅರ್ಧಕ್ಕರ್ಧ ಶಾಲೆಗಳ ಅಂಗಳದಲ್ಲಿ, ಯಕ್ಷಗಾನದ ಚೌಕಿಯ (ಬಣ್ಣ ಹಚ್ಚುವ ಜಾಗದ) ಹೊರಗೆ ಮೇಜು ಹಾಕಿ ನಾನೇ ಮಾರಿದ್ದು. ಅಚ್ಚಿನ ದುಡ್ಡು ಬಂತು, ಮೂರು ವರ್ಷ ಹಾಳು ಮಾಡಿದ್ದರಲ್ಲಿ ಅರ್ಧ ಬಂತು. ಲಾಭ ಬಂದದ್ದು ನಾನು ಎಣಿಸದ ಕಡೆಯಿಂದ. ಪುಸ್ತಕ ನೋಡಿದವರು ಹಂಚನ್ನೇ ಕೇಳಲಿಕ್ಕೆ ಶುರು ಮಾಡಿದರು. ಹತ್ತೊಂಬತ್ತರಲ್ಲಿ ಹದಿನಾಲ್ಕು ಹೋಯಿತು, ಒಂದೊಂದಕ್ಕೆ 3,500ರಿಂದ 6,000. ಮಣಿಪಾಲದ ಒಬ್ಬರು ಡಾಕ್ಟರು ಕೈ ಇಲ್ಲದ ಕಲ್ಕುಡನಿಗೆ 15 ಸಾವಿರ ಹೇಳಿದರು. ಕೊಡಲಿಲ್ಲ. ಮನೆಯವರು ಆ ವಿಷಯ ಈಗಲೂ ಊಟಕ್ಕೆ ಕೂತಾಗ ಎತ್ತುತ್ತಾರೆ.

ಮುಂದಿನದು ಸಿರಿಯ ಕತೆ, ಮೂವತ್ತು ಹಂಚಾದರೂ ಬೇಕು. ಕಾಪು ಕಡೆ ಒಂದು ಗುತ್ತಿನ ಮನೆ (ಹಳೇ ದೊಡ್ಡ ಮನೆತನದ್ದು) ಬಿಚ್ಚುತ್ತಿದ್ದಾರಂತೆ, ಇನ್ನೂರು ಸೀಲಿಂಗ್ ಹಂಚು ಉಂಟಂತೆ. ಟೆಂಪೋದವ 900 ಹೇಳಿದ್ದಾನೆ. ಮಳೆ ಹಿಡಿಯುವ ಮೊದಲು ತರಬೇಕು, ಸುಣ್ಣ ಆಗಲೇ ಮಡಕೆಯಲ್ಲಿ ಎರಡು ತಿಂಗಳು ದಾಟಿತು.