ಗುಲಗಂಜಿ ಹುಳುವಿಗೆ ಕಪ್ಪು ಚುಕ್ಕೆ ಮೂಡುವುದನ್ನು ಮನೆಯಲ್ಲೇ ನೋಡುವುದು ಹೇಗೆ?

ಪ್ಯೂಪಾದಿಂದ (ಮರಿಹುಳು ದೊಡ್ಡ ಹುಳುವಾಗಿ ಬದಲಾಗುವ, ಗೂಡಿನಂಥ ಹಂತ) ಆಗಷ್ಟೇ ಹೊರಬಂದ ಗುಲಗಂಜಿ ಹುಳುವಿನ ಬೆನ್ನ ಮೇಲೆ ಒಂದೂ ಚುಕ್ಕೆ ಇರುವುದಿಲ್ಲ. ರೆಕ್ಕೆಯ ಮುಚ್ಚಳ ಬರೀ ತಿಳಿ ಹಳದಿ. ‘ಇದ್ಯಾವುದೋ ಬೇರೆ ಜಾತಿ’, ‘ಪಾಪ, ರೋಗ ಬಂದಿದೆ’ ಅಂತ ಬಿಸಾಡಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಚ್ಚಲಲ್ಲಿ ಸಿಗುವ ಬಿಳಿ ಜಿರಳೆಯ ಕತೆಯೂ ಇದೇ. ಈಗಷ್ಟೇ ಪೊರೆ ಬಿಟ್ಟಿರುತ್ತದೆ, ಕೆಲವು ಗಂಟೆಯಲ್ಲಿ ಕಂದಾಗುತ್ತದೆ.

ಮೊದಲು ಹುಳು ಹುಡುಕಿ. ಅವರೆ, ಅಲಸಂದೆ ಗಿಡದ ಕುಡಿಗೆ ಹೇನು ಮುತ್ತಿದ್ದರೆ ಅಲ್ಲೇ ಇರುತ್ತವೆ, ಅವಕ್ಕೆ ಅದೇ ಊಟ. ಔಷಧಿ ಹೊಡೆದ ಗಿಡದ ಹತ್ತಿರ ಹೋಗಲೇಬೇಡಿ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎಲ್ಲರೂ ಸಿಕ್ಕ ಪ್ಯೂಪಾವನ್ನು ಉಗುರಿನಿಂದ ಕಿತ್ತು ತರುತ್ತಾರೆ. ಅದರ ಬಾಲದ ತುದಿ ಎಲೆಗೆ ಅಂಟಿಕೊಂಡಿರುತ್ತದೆ, ಕಿತ್ತರೆ ಗಾಯವಾಗಿ ಸಾಯುತ್ತದೆ, ಆಮೇಲೆ ವಾರಗಟ್ಟಲೆ ಕಾದು ‘ಏನೂ ಬರಲಿಲ್ಲ’ ಅಂತ ಗೊಣಗುವುದು. ಎಲೆ ಸಮೇತ ಕತ್ತರಿಸಿ ತನ್ನಿ. ಇನ್ನೂ ಒಳ್ಳೆಯದು ಅಂದರೆ ಬಾಲ ಅಂಟಿಸಿಕೊಂಡು, ತಲೆ ಬಗ್ಗಿಸಿ, ಅಲ್ಲಾಡದೆ ಕೂತ ಮರಿಹುಳುವನ್ನೇ ಆರಿಸಿ. ಆಗ ದಿನದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಅದು ಪೊರೆ ಕಳಚಿ ಪ್ಯೂಪಾ ಆದ ದಿನ ಬರೆದಿಡಿ. ಬೆಚ್ಚಗಿದ್ದರೆ ಅಲ್ಲಿಂದ ಸುಮಾರು 4–5 ದಿನ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಜೀವ ಇದೆಯಾ ಅಂತ ಅನುಮಾನ ಬಂದರೆ ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ, ಪ್ಯೂಪಾ ಜಗ್ ಅಂತ ಎದ್ದು ಕೂರುತ್ತದೆ. ಒಂದೇ ಸಲ ಸಾಕು, ಸುಮ್ನೆ ಆಟ ಆಡಬೇಡಿ. ಓಡಾಡುವ ಮರಿಹುಳುಗಳನ್ನು ಜೊತೆಗೆ ಹಾಕಬೇಡಿ, ಪ್ಯೂಪಾವನ್ನೇ ತಿಂದುಬಿಡುತ್ತವೆ.

ಡಬ್ಬಿ ಯಾವುದಾದರೂ ಸರಿ, ಬಾಯಿಗೆ ಸೊಳ್ಳೆ ಪರದೆಯ ತುಂಡು, ಒಂದು ರಬ್ಬರ್ ಬ್ಯಾಂಡ್. ಆನ್‌ಲೈನ್‌ನಲ್ಲಿ ಸಿಗುವ, ಗಾಳಿಯಾಡದ ‘ಕೀಟ ವೀಕ್ಷಣಾ ಡಬ್ಬಿ’ಗೆ ದುಡ್ಡು ಸುರಿಯಬೇಡಿ. ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಮೂರನೇ ದಿನದಿಂದ ಹಳೇ ಫೋನನ್ನು ಚಾರ್ಜಿಗೆ ಹಾಕಿ, ನಿಮಿಷಕ್ಕೊಂದು ಫೋಟೋ ತೆಗೆಯುವ ಹಾಗೆ ಇಟ್ಟುಬಿಡಿ. ಬೆನ್ನ ಸಿಪ್ಪೆ ತಲೆಯ ಕಡೆಯಿಂದ ಬಿರಿದು ಹುಳು ಹೊರಬರುತ್ತದೆ. ಈಗ ಮುಟ್ಟಬೇಡಿ, ಊದಬೇಡಿ, ‘ಸಹಾಯ’ ಅಂತೂ ಮಾಡಲೇಬೇಡಿ. ಮೈ ಇನ್ನೂ ಬೆಣ್ಣೆ. ಬೆರಳು ತಗುಲಿದರೆ ರೆಕ್ಕೆ ಸೊಟ್ಟಗಾಗಿ ಹಾಗೇ ಗಟ್ಟಿಯಾಗುತ್ತದೆ. ಹೊತ್ತು ಹೋದ ಹಾಗೆ ಮಸುಕು ಚುಕ್ಕೆ ಕಾಣುತ್ತದೆ, ನಿಧಾನವಾಗಿ ಕಪ್ಪಾಗುತ್ತದೆ.

ಬಿಸಿಲಿಗೆ ಕಪ್ಪಾಯಿತು ಅಂದುಕೊಳ್ಳಬೇಡಿ, ಕತ್ತಲಲ್ಲಿಟ್ಟರೂ ಆಗುತ್ತದೆ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಂದಾಗುತ್ತದಲ್ಲ, ಹೆಚ್ಚುಕಡಿಮೆ ಅದೇ ಬಗೆಯ ಆಟ ಇದು. ಟೈರೋಸಿನ್ ಎಂಬ ಅಮೈನೋ ಆಮ್ಲ ಡೋಪಾ ಎಂಬ ರಾಸಾಯನಿಕ ಆಗುತ್ತದೆ, ಡೋಪಾ ಡೋಪಮೀನ್ ಆಗುತ್ತದೆ. ಇದು ಚರ್ಮದ ಪದರಕ್ಕೆ ಬಂದಾಗ ಲ್ಯಾಕೇಸ್ ಎಂಬ ಕಿಣ್ವ ಆಮ್ಲಜನಕ ಬಳಸಿ ಅದನ್ನು ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ಆಗುವ ದಾರಿಗೆ ಹಚ್ಚುತ್ತದೆ. ಅದೇ ಡೋಪಮೀನ್‌ಗೆ ಬೀಟಾ-ಅಲನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಅಂಟಿಕೊಂಡರೆ ಬಣ್ಣ ಹಳದಿ-ಕಂದಿನ ಕಡೆ ತಿರುಗುತ್ತದೆ. ಹಣ್ಣಿನ ನೊಣದಲ್ಲಿ ಈ ಅಂಟಿಸುವ ಕೆಲಸ ಎಬೊನಿ ಜೀನಿನದು, ಅದು ಕೆಟ್ಟರೆ ನೊಣದ ಮೈ ಕಪ್ಪಾಗುತ್ತದೆ. ಗುಲಗಂಜಿಯ ಕೆಂಪು ಮಾತ್ರ ಬೇರೆ ಸರಕು, ಕ್ಯಾರಟ್ಟಿನ ಬಣ್ಣದ ನೆಂಟ.

ಹೊರಬಂದ ಮೇಲೆಯೇ ಇದೆಲ್ಲ ಶುರುವಾಗುವುದೇಕೆ? ಬರ್ಸಿಕಾನ್ ಎಂಬ ಹಾರ್ಮೋನು ಅಪ್ಪಣೆ ಕೊಡಬೇಕು. ಕೀಟವಿಜ್ಞಾನಿ ಗಾಟ್‌ಫ್ರೀಡ್ ಫ್ರೆಂಕೆಲ್ ಮತ್ತು ಜೊತೆಗಾರರು 1962ರಲ್ಲಿ ಇದನ್ನು ನೊಣದಲ್ಲಿ ತೋರಿಸಿದರು. ಹೊರಬಂದ ಕೂಡಲೇ ಕುತ್ತಿಗೆಗೆ ದಾರ ಬಿಗಿದರೆ ಮೈ ಬಿಳಿಚಿಕೊಂಡೇ ಉಳಿಯಿತು. ಅದಕ್ಕೆ ಕಪ್ಪಾಗುತ್ತಿದ್ದ ಬೇರೆ ನೊಣದ ರಕ್ತ ಚುಚ್ಚಿದರೆ ಕಪ್ಪಾಯಿತು. ನೀವು ದಾರ ಗೀರ ಕಟ್ಟಲು ಹೋಗಬೇಡಿ. ಚುಕ್ಕೆ ಎಲ್ಲೆಲ್ಲಿ ಅನ್ನುವುದು ಮಾತ್ರ ಪ್ಯೂಪಾದೊಳಗೇ ತೀರ್ಮಾನವಾಗಿರುತ್ತದೆ. ಏಷ್ಯಾದ ಹಾರ್ಲೆಕ್ವಿನ್ ಗುಲಗಂಜಿಯಲ್ಲಿ ಪ್ಯಾನಿಯರ್ ಎಂಬ ಜೀನ್ ಆ ನಕ್ಷೆ ಬರೆಯುತ್ತದೆ ಅಂತ 2018ರಲ್ಲಿ ಗೊತ್ತಾಯಿತು.

ಇನ್ನೊಂದು ಪ್ರಯೋಗ ಮಾಡಬಹುದು. ಕೆಲವು ಪ್ಯೂಪಾ ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿ, ಕೆಲವು ತಣ್ಣನೆ ಜಗಲಿಯಲ್ಲಿ ಇಡಿ. ಹಾರ್ಲೆಕ್ವಿನ್‌ನಲ್ಲಿ ತಂಪಿನಲ್ಲಿ ಬೆಳೆದವಕ್ಕೆ ಕಪ್ಪು ಜಾಸ್ತಿ. ಕಪ್ಪು ಮೈ ಬಿಸಿಲಿಗೆ ಬೇಗ ಬಿಸಿಯಾಗುತ್ತದೆ. ನಮ್ಮ ಹುಳುಗಳಲ್ಲಿ ವ್ಯತ್ಯಾಸ ಕಾಣಬೇಕಾದರೆ ಒಂದೊಂದು ಕಡೆಗೂ ಹತ್ತಾದರೂ ಇರಲಿ. ಒಂದೆರಡು ನೋಡಿ ತೀರ್ಪು ಕೊಡಬೇಡಿ, ಫ್ರಿಜ್ಜಿಗಂತೂ ಇಡಬೇಡಿ.

ಕೆಂಪು ಪೂರ್ತಿ ಏರಲು ದಿನಗಟ್ಟಲೆ ಬೇಕು, ಅಲ್ಲಿವರೆಗೆ ಹಿಡಿದಿಡಬೇಡಿ. ಮಾರನೇ ದಿನ ಮೈ ಗಟ್ಟಿಯಾದ ಮೇಲೆ ತಂದ ಗಿಡಕ್ಕೇ ಬಿಟ್ಟುಬನ್ನಿ, ಹೇನು ಅಲ್ಲೇ ಇದೆಯಲ್ಲ.