ಮನೆಯನ್ನು ಎತ್ತದೆ ಅಡಿತೊಲೆ ಬದಲಿಸಿದ ಬಗೆ

ಇಂಗ್ಲೆಂಡಿನ ಸಫೋಕ್‌ನಲ್ಲಿರುವ ನಮ್ಮ ಹಳೆಯ ಒಕ್ಕಲುಮನೆಯ ಉತ್ತರದ ಗೋಡೆಗೆ ಹೊಸ ಓಕ್ ಅಡಿತೊಲೆ (ಗೋಡೆಯ ಕಂಬಗಳು ನಿಲ್ಲುವ ಬುಡದ ಅಡ್ಡತೊಲೆ) ಕೂರಿಸಬೇಕೆಂದರೆ ಮನೆಯ ಇಡೀ ಮರದ ಚೌಕಟ್ಟನ್ನು ಎರಡು ಇಂಚಾದರೂ ಮೇಲೆತ್ತಬೇಕು, ಇಲ್ಲವೇ ಬುಡವನ್ನು ಕಾಂಕ್ರೀಟಿನಲ್ಲಿ ಹೂಳಬೇಕು ಎಂದು ಕರೆಸಿದ ಗುತ್ತಿಗೆದಾರರೆಲ್ಲರೂ ಹೇಳಿದ್ದರು. ಎರಡನ್ನೂ ಮಾಡದೆ ಕೆಲಸ ಮುಗಿಸಿದ್ದೇನೆ; ಗೋಡೆ ಎರಡು ಚಳಿಗಾಲ ಕಂಡು ಗಟ್ಟಿಯಾಗಿ ನಿಂತಿದೆ.

ತೊಲೆಯನ್ನು ಕೊಳೆಸಿದ್ದು ಸಿಮೆಂಟ್. ಹಿಂದಿನ ಯಾರೋ ಸುಣ್ಣದ ಗಾರೆಯ ಮೇಲೆ ಬಳಿದಿದ್ದ ಸಿಮೆಂಟ್ ಪದರವು, ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಮರದೊಡನೆ ಹೊಂದಿಕೊಳ್ಳಲಾರದೆ ಸೀಳಿತ್ತು. ಸೀಳಿನಿಂದ ಒಳಬಂದ ನೀರು ಆರಲು ದಾರಿಯಿಲ್ಲದೆ ಅಡಿತೊಲೆಯ ಮೇಲೆ ನಿಂತಿತ್ತು. ಸಿಮೆಂಟ್ ಕಿತ್ತಾಗ ತೊಲೆಯ ಬಹುಭಾಗ ಕೈಯಲ್ಲೇ ಪುಡಿಯಾಯಿತು. ನಿಲುಗಂಬಗಳ ಟೆನನ್‌ಗಳು, ಅಂದರೆ ತೊಲೆಯೊಳಗೆ ಕೂರುವ ತುದಿಯ ನಾಲಿಗೆಗಳು, ಮಾತ್ರ ಹೆಚ್ಚಿನವು ಗಟ್ಟಿಯಾಗಿದ್ದವು. ಅವುಗಳನ್ನು ಕತ್ತರಿಸಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಹೊಸ ತೊಲೆಯ ಮಾರ್ಟಿಸ್‌ಗಳನ್ನು (ಟೆನನ್ ಕೂರುವ ತೂತುಗಳನ್ನು) ಮುಚ್ಚಿದ ಗುಂಡಿಗಳಾಗಿ ಕೊರೆಯದೆ, ಒಂದು ಬದಿಗೆ ತೆರೆದ ಸೀಳುಗಳಾಗಿ ಕೊರೆದೆ. ಕಂಬಗಳ ಭಾರವನ್ನು ಜಾಕ್‌ಗಳ ಮೇಲೆ ಹೊರಿಸಿ, ಏಳೆಂಟು ಅಡಿಯ ತುಂಡುಗಳನ್ನು ಪಕ್ಕದಿಂದ ಜಾರಿಸಿ, ತುದಿಗಳನ್ನು ಒಂದರ ಮೇಲೊಂದು ಹೊಂದುವಂತೆ ಕೆತ್ತುವ ಸ್ಕಾರ್ಫ್ ಜೋಡಣೆಯಿಂದ ಒಂದಕ್ಕೊಂದು ಸೇರಿಸಿ, ಕೊನೆಗೆ ಸೀಳುಗಳಿಗೆ ಓಕ್ ತುಂಡು ತುಂಬಿ ಗೂಟ ಹೊಡೆದೆ. ಜಾಕ್‌ಗಳು ಚೌಕಟ್ಟನ್ನು ಎತ್ತಿದ್ದು ಒಂದೆರಡು ಮಿಲಿಮೀಟರ್ ಇರಬಹುದು. ಹಸಿ ಓಕ್ ಅಡ್ಡಕ್ಕೆ ಕುಗ್ಗುವುದರಿಂದ ತೊಲೆಯ ಕೆಳಗೆ, ಇಟ್ಟಿಗೆ ಕಟ್ಟೆಯ ಮೇಲೆ, ಸ್ಲೇಟ್ ಕಲ್ಲಿನ ಬೆಣೆಗಳನ್ನಿಟ್ಟು, ಮೊದಲ ಬೇಸಿಗೆ ಕಳೆದ ಮೇಲೆ ಅವನ್ನು ಮತ್ತೆ ಬಿಗಿ ಮಾಡಿದೆ.

ತಡಿಕೆ ಗೋಡೆಯ ಕೆಲಸ ಇಷ್ಟು ಸುಲಭವಾಗಿರಲಿಲ್ಲ. ಹೆಣೆದ ಹೇಝಲ್ ಗಿಡದ ಕಡ್ಡಿಗಳ ಮೇಲೆ ಹಿತ್ತಲಿನ ಜೇಡಿಮಣ್ಣನ್ನಷ್ಟೇ ಮೆತ್ತಿದ, ಕಂಬಗಳ ನಡುವಿನ ಅಂಕಣಗಳು ಒಣಗುವಾಗ ಬೆರಳು ತೂರುವಷ್ಟು ಬಿರಿದವು. ಮರಳು ಮತ್ತು ಕತ್ತರಿಸಿದ ಹುಲ್ಲು ಹೆಚ್ಚಿಸಿದಾಗ ಬಿರುಕು ಕಡಿಮೆಯಾಯಿತು, ಆದರೆ ಮೇಲ್ಮೈ ಉದುರತೊಡಗಿತು. ಸಗಣಿ ಸೇರಿಸಿದ ಮೇಲೆಯೇ ಹಿಡಿತ ಬಂದದ್ದು. ಅದೂ ಸೈಲೇಜ್ (ಹುದುಗಿಸಿದ ಹಸಿ ಮೇವು) ತಿನ್ನುವ ಹಸುಗಳ ನೀರು ಸಗಣಿಯಲ್ಲ, ಒಣಹುಲ್ಲು ತಿನ್ನುವ ದನಗಳದ್ದು. ಅದನ್ನು ಎಷ್ಟು ದಿನ ಹುಳಿಯಲು ಬಿಡಬೇಕು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಉಗ್ರಾಣದ ಒಂದು ಅಂಕಣಕ್ಕೆ ಹೆಂಪ್ (ಸೆಣಬಿನಂಥ ನಾರಿನ ಗಿಡ) ಕಾಂಡದ ಚೂರು ಮತ್ತು ಸುಣ್ಣದ ಮಿಶ್ರಣವನ್ನೂ ತುಂಬಿ ನೋಡಿದೆ. ಒಳಗೆ ಬೆಚ್ಚಗಿದೆ ನಿಜ, ಆದರೆ ಒಣಗಲು ತೆಗೆದುಕೊಂಡ ಕಾಲವನ್ನು ನೋಡಿದರೆ ಇನ್ನೊಮ್ಮೆ ಆ ಗೋಜಿಗೆ ಹೋಗಲಾರೆ.

ಇದೇ ಕೆಲಸದ ನಡುವೆ, ಅಟ್ಟದ ಜಂತಿಗಳ ಮಸಿಯನ್ನು ಮರಳು ಊದಿ ತೆಗೆದುಬಿಡೋಣ ಎಂದ ಒಬ್ಬನನ್ನು ಅಂದೇ ವಾಪಸು ಕಳುಹಿಸಿದೆ. ಚಿಮಣಿ ಬರುವ ಮೊದಲು ನಡುಮನೆಯ ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು, ಮಾಡಿನವರೆಗೆ ಆ ಕೋಣೆ ತೆರೆದೇ ಇತ್ತು ಎಂಬುದಕ್ಕೆ ನಮ್ಮಲ್ಲಿ ಉಳಿದಿರುವ ಸಾಕ್ಷಿ ಆ ಮಸಿಯೊಂದೇ.

ಹಣದ ವಿಷಯ. ಗುತ್ತಿಗೆದಾರರ ಅಂದಾಜು ಐವತ್ತು ಸಾವಿರ ಪೌಂಡ್ ದಾಟಿತ್ತು. ನನಗೆ ಒಟ್ಟು ಹದಿನೆಂಟು ಸಾವಿರದ ಆಸುಪಾಸು ಆಗಿರಬೇಕು: ಓಕ್‌ಗೆ ಸುಮಾರು ಮೂರು ಸಾವಿರ, ಅದಕ್ಕಿಂತ ಹೆಚ್ಚು ಅಟ್ಟಣಿಗೆ ಮತ್ತು ಜಾಕ್‌ಗಳ ಬಾಡಿಗೆಗೆ, ಉಳಿದದ್ದು ಎಂಜಿನಿಯರ್, ಸುಣ್ಣ ಮತ್ತು ಕೂಲಿಗೆ. ನಮ್ಮ ಮನೆಯಂಥ ಸಂರಕ್ಷಿತ ಕಟ್ಟಡಗಳಲ್ಲಿ ಅನುಮತಿ ಪಡೆದ ಮಾರ್ಪಾಡುಗಳಿಗೆ ಇದ್ದ ವ್ಯಾಟ್ (ಮಾರಾಟ ತೆರಿಗೆ) ವಿನಾಯಿತಿ 2012ರ ಅಕ್ಟೋಬರಿನಲ್ಲಿ ರದ್ದಾಯಿತು. ದುರಸ್ತಿಗಂತೂ ಅದು ಅನ್ವಯಿಸುತ್ತಲೇ ಇರಲಿಲ್ಲ, ಆದ್ದರಿಂದ 20 ಪ್ರತಿಶತವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅನುಮತಿಯಿಲ್ಲದೆ ಇಂಥ ಮನೆಯ ಸ್ವರೂಪ ಬದಲಿಸುವುದು ಸಂರಕ್ಷಿತ ಕಟ್ಟಡಗಳ 1990ರ ಕಾಯ್ದೆಯಂತೆ ಅಪರಾಧ. ಸೀಳಿನ ಜೋಡಣೆಯ ನಕ್ಷೆಯನ್ನು ಸ್ಥಳೀಯ ಆಡಳಿತದ ಸಂರಕ್ಷಣಾ ಅಧಿಕಾರಿಗೆ ತೋರಿಸಿ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆಯೇ ಉಳಿ ಹಿಡಿದೆ.

ತೊಲೆಗೆ ತಾಗಿದ ಹಳೆಯ ಕಂಬಗಳ ಬುಡದಲ್ಲಿ ಮೊದಲು ಶೇಕಡಾ ಮೂವತ್ತರ ಮೇಲೆ ತೋರಿಸುತ್ತಿದ್ದ ತೇವಾಂಶ ಮಾಪಕ ಈಗ ಹದಿನೇಳು, ಹದಿನೆಂಟನ್ನು ತೋರಿಸುತ್ತದೆ. ಪೂರ್ವದ ಗೋಡೆಗೂ ಓಕ್ ಕೊಯ್ಯಿಸಿ ಇಟ್ಟಿದ್ದೇನೆ. ಅಲ್ಲಿ ಮೂಲೆಗಂಬವೇ ಬುಡದಲ್ಲಿ ಹೋಗಿರುವುದರಿಂದ ಸೀಳಿನ ಉಪಾಯವೊಂದೇ ಸಾಲದು, ಕಂಬಕ್ಕೂ ಹೊಸ ಬುಡ ಕಟ್ಟಬೇಕಾಗಿದೆ.